ಸಾಕ್ಷಿಯಲ್ಲಿ ಬಿಟ್ಟುಹೋಗುವ ನಡುವಿನ ಭಾಗ

ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸಾಕ್ಷಿ ಹೇಳುವ ಪದ್ಧತಿ ಇದೆಯಲ್ಲ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು, ಅದರಲ್ಲಿ ಮದುವೆಯ ಸಾಕ್ಷಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗಂಡ ಕುಡಿಯುತ್ತಿದ್ದ. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಉಪವಾಸ ಪ್ರಾರ್ಥನೆ ಮಾಡಿದೆ. ಕರ್ತನು ಅವರ ಮನಸ್ಸನ್ನು ಮುಟ್ಟಿದನು. ಈಗ ಇಬ್ಬರೂ ಒಟ್ಟಿಗೆ ಆರಾಧನೆಗೆ ಬರುತ್ತೇವೆ, ಕರ್ತನಿಗೆ ಸ್ತೋತ್ರ. ಎಲ್ಲರೂ ಆಮೆನ್ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಮನಸ್ಸಿಟ್ಟೇ ಅನ್ನುತ್ತೇನೆ. ಆದರೆ ಪ್ರತಿ ಸಲ ತಲೆಯಲ್ಲಿ ಅದೇ ಪ್ರಶ್ನೆಗಳು. ಉಪವಾಸ ಮಾಡಿದ ದಿನಕ್ಕೂ ಒಟ್ಟಿಗೆ ಬಂದು ಕೂತ ದಿನಕ್ಕೂ ನಡುವೆ ಏನೇನಾಯಿತು? ಯಾರು ಮೊದಲು ಮಾತಾಡಿದರು? ಸಾಲ ಯಾರು ತೀರಿಸಿದರು? ಅತ್ತೆ ಏನಂದರು? ಮಕ್ಕಳು ಅಪ್ಪನ ಹತ್ತಿರ ಹೋಗೋಕೆ ಎಷ್ಟು ದಿನ ಹೆದರಿದರು? ಈ ಭಾಗವನ್ನು ಯಾರೂ ಹೇಳುವುದಿಲ್ಲ. ಸಾಕ್ಷಿಗೆ ಕೊಡುವುದೇ ಐದು ನಿಮಿಷ, ಅದೂ ಪಾಸ್ಟರ ಪ್ರಸಂಗ, ಅಂದರೆ ಬೋಧನೆ, ಉದ್ದ ಆದರೆ ಎರಡು ನಿಮಿಷ. ಹಾಗಾಗಿ ಹೇಳುವವರ ತಪ್ಪೂ ಅಲ್ಲ ಬಿಡಿ.

ಇವತ್ತು ಆ ನಡುವಿನ ಭಾಗದ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಹದಗೆಟ್ಟ ಮದುವೆಯನ್ನು ವಿಶ್ವಾಸ ಸರಿಮಾಡಬಲ್ಲದಾ ಎಂದು ಯಾರಾದರೂ ಕೇಳಿದರೆ, ಹೌದು, ಮಾಡಬಲ್ಲದು, ನಾನು ನೋಡಿದ್ದೇನೆ. ಆದರೆ ನಾನು ನೋಡಿದ ಕಡೆಯೆಲ್ಲ ಅದು ಒಂದೇ ರಾತ್ರಿಯ ಕೆಲಸ ಆಗಿರಲಿಲ್ಲ. ಪ್ರಾರ್ಥನೆಯ ಜೊತೆಗೆ ತುಂಬಾ ಸಣ್ಣ, ತುಂಬಾ ಕಿರಿಕಿರಿಯ, ಮರ್ಯಾದೆ ಹೋದ ಹಾಗೆ ಅನ್ನಿಸುವ ಕೆಲಸಗಳು ಇದ್ದವು. ಮನುಷ್ಯ ತಾನಾಗಿ ಅವನ್ನು ಮಾಡುವುದಿಲ್ಲ. ವಿಶ್ವಾಸ ಅವನ ಕೈ ಹಿಡಿದು ಮಾಡಿಸುತ್ತದೆ. ನನಗೆ ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಕಾನಾ ಊರಿನ ಮದುವೆ. ಕ್ರೈಸ್ತರ ಮದುವೆಗೆ ಹೋದವರು ಆ ಪ್ರಸಂಗವನ್ನು ಎಷ್ಟು ಸಲ ಕೇಳಿರುತ್ತೀರೋ ಲೆಕ್ಕವಿಲ್ಲ. ಯೋಹಾನನ ಸುವಾರ್ತೆ 2ನೇ ಅಧ್ಯಾಯ. ದ್ರಾಕ್ಷಾರಸ ಮುಗಿಯಿತು, ಯೇಸು ನೀರನ್ನು ದ್ರಾಕ್ಷಾರಸ ಮಾಡಿದರು, ನಿಮ್ಮ ಮದುವೆಗೂ ಯೇಸುವನ್ನು ಕರೆಯಿರಿ, ಮುಗೀತು, ಊಟಕ್ಕೆ ಏಳಿ. ಆದರೆ ನಿಧಾನಕ್ಕೆ ಓದಿ ನೋಡಿ. ಅಲ್ಲಿ ಮೊದಲು ಆದದ್ದು ಅದ್ಭುತ ಅಲ್ಲ. ಯೇಸುವಿನ ತಾಯಿ ಮರಿಯಮ್ಮ ಬಂದು, ಅವರಲ್ಲಿ ದ್ರಾಕ್ಷಾರಸ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮದುವೆ ಮನೆಯಲ್ಲಿ ಏನಾದರೂ ಮುಗಿದುಹೋದರೆ ನಾವು ಏನು ಮಾಡುತ್ತೇವೆ? ಮುಚ್ಚಿಡುತ್ತೇವೆ. ಬೀಗರಿಗೆ ಗೊತ್ತಾಗಬಾರದು. ಮದುವೆಯಾಗಿ ಹತ್ತು ವರ್ಷದ ಮೇಲೆ ಗಂಡ ಹೆಂಡತಿ ನಡುವೆ ಏನಾದರೂ ಮುಗಿದುಹೋದರೂ ಅದೇ. ಬಂಧುಗಳ ಮುಂದೆ, ಸಭೆಯ ಮುಂದೆ, ಕೊನೆಗೆ ಒಬ್ಬರಿಗೊಬ್ಬರ ಮುಂದೆಯೂ ಮುಚ್ಚಿಡುವುದು.

ಇನ್ನೊಂದು ಸಂಗತಿ. ಅಲ್ಲಿ ಆರು ಕಲ್ಲಿನ ಬಾನಿಗಳಿದ್ದವು. ಈಗಿನ ಲೆಕ್ಕದಲ್ಲಿ ಒಂದೊಂದು ಸುಮಾರು 80ರಿಂದ 120 ಲೀಟರ್ ಹಿಡಿಯುವಂಥವು. ಎಲ್ಲ ಸೇರಿದರೆ ಹೆಚ್ಚುಕಡಿಮೆ ಐನೂರರಿಂದ ಏಳುನೂರು ಲೀಟರ್. ನಲ್ಲಿ ಇಲ್ಲದ ಕಾಲ. ಆ ಆಳುಗಳು ನೀರು ಸೇದಿ, ಹೊತ್ತು ತಂದು, ಬಾಯಿ ಮಟ್ಟ ತುಂಬಿಸಿದರು. ಯಾಕೆ ತುಂಬಿಸುತ್ತಿದ್ದೇವೆ ಅಂತ ಅವರಿಗೆ ಗೊತ್ತೂ ಇರಲಿಲ್ಲ. ಬೇಕಾಗಿದ್ದದ್ದು ದ್ರಾಕ್ಷಾರಸ, ಹೊರುತ್ತಿರುವುದು ನೀರು! ಇದೇ ಆ ನಡುವಿನ ಭಾಗ. ಮದುವೆ ಪ್ರಸಂಗದಲ್ಲಿ ಆ ಆಳುಗಳಿಗೆ ಒಂದು ನಿಮಿಷವೂ ಸಿಗುವುದಿಲ್ಲ, ಪಾಪ.

ನನಗೆ ಹತ್ತಿರದ ಒಂದು ಕುಟುಂಬದ ಕಥೆ ಹೇಳುತ್ತೇನೆ. ಹೆಸರು ಊರು ಬೇಡ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಅವನದು ಸ್ವಂತ ಗ್ಯಾರೇಜು. ಒಳ್ಳೆ ಕೆಲಸಗಾರ. ಕುಡಿತ ಮೊದಲು ಶನಿವಾರಕ್ಕೆ ಮಾತ್ರ ಇತ್ತು, ಆಮೇಲೆ ವಾರಕ್ಕೆಲ್ಲ ಹರಡಿತು. ಹೊಡೆಯುವ ಮನುಷ್ಯ ಅಲ್ಲ, ಜಾಸ್ತಿ ಮಾತೂ ಇಲ್ಲ. ಸುಳ್ಳು ಮಾತ್ರ ಹೇಳುತ್ತಿದ್ದ. ಹೆಂಡತಿಯ ಒಡವೆ ಬ್ಯಾಂಕ್ ಲಾಕರಿನಲ್ಲಿದೆ ಅಂತ ಅವಳು ಅಂದುಕೊಂಡಿದ್ದಳು. ಒಂದು ದಿನ ಪೋಸ್ಟಿನಲ್ಲಿ ಹರಾಜು ನೋಟಿಸು ಬಂತು. ಒಡವೆ ಅಡವಿಟ್ಟು ವರ್ಷದ ಮೇಲಾಗಿತ್ತು, ಬಡ್ಡಿ ಕಟ್ಟಿರಲಿಲ್ಲ. ಅವಳ ಅಮ್ಮ ಕೊಟ್ಟ ಬಳೆಯೂ ಅದರಲ್ಲಿತ್ತು. ಅವಳು ಜಗಳ ಮಾಡಲಿಲ್ಲ. ಮಕ್ಕಳ ಪುಸ್ತಕ, ಬಟ್ಟೆ ತುಂಬಿಕೊಂಡು ತವರಿಗೆ ಹೋದಳು.

ಆಮೇಲೆ ನಮ್ಮ ಕಡೆ ಏನಾಗುತ್ತದೋ ಅದೇ ಆಯಿತು. ಹಿರಿಯರು ಕೂತರು. ಎರಡೂ ಕಡೆಯವರು, ಸಭೆಯ ಇಬ್ಬರು ಮೂವರು, ಸೋದರಮಾವ, ಯಾರೋ ಒಬ್ಬರು ರಿಟೈರ್ಡ್ ಹೆಡ್ ಮಾಸ್ತರು. ಚಹಾ ಆಯಿತು. ಹೊಂದಿಕೊಂಡು ಹೋಗಮ್ಮ, ಗಂಡಸರು ಅಂದರೆ ಹಾಗೇ, ನಿನ್ನ ಪ್ರಾರ್ಥನೆ ಸಾಲದು ಅಂತ ಕಾಣುತ್ತದೆ. ಕೊನೆಯ ಮಾತು ಹೇಳಿದ್ದು ಒಬ್ಬ ಹೆಂಗಸು, ಅದನ್ನು ಗಮನಿಸಿ. ಅವನು ಎಲ್ಲರ ಮುಂದೆ ತಲೆ ತಗ್ಗಿಸಿ ಇನ್ನು ಮೇಲೆ ಮುಟ್ಟಲ್ಲ ಅಂದ. ಎರಡು ವಾರ ಮುಟ್ಟಲಿಲ್ಲ. ಮೂರನೇ ವಾರ ಶುರು.

ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ ನೆನಪಿದೆಯಾ? ನಿನಗೆ ಒಬ್ಬನು ತಪ್ಪು ಮಾಡಿದರೆ ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಮ್ಮ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ. ಮೊದಲು ಅಮ್ಮನಿಗೆ ಫೋನು. ಆಮೇಲೆ ಅಕ್ಕನಿಗೆ. ಅಕ್ಕ ದೊಡ್ಡಮ್ಮನಿಗೆ. ಆಮೇಲೆ ಪ್ರಾರ್ಥನಾ ಗುಂಪಿನ ವಾಟ್ಸಾಪಿನಲ್ಲಿ, ಒಂದು ಕುಟುಂಬಕ್ಕಾಗಿ ವಿಶೇಷವಾಗಿ ಪ್ರಾರ್ಥಿಸಿ, ಹೆಸರು ಹೇಳುವುದಿಲ್ಲ, ಅಂತ ಮೆಸೇಜು. ಹೆಸರು ಹೇಳದಿದ್ದರೂ ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತು. ಇಷ್ಟೆಲ್ಲ ಆದ ಮೇಲೆ ಕೊನೆಗೆ ಗಂಡನಿಗೆ ಹೇಳುವುದು! ಅಷ್ಟು ಹೊತ್ತಿಗೆ ಅವನಿಗೆ ಉಳಿದಿರುವುದು ಮರ್ಯಾದೆ ಉಳಿಸಿಕೊಳ್ಳುವ ಕೆಲಸ ಒಂದೇ.

ಈ ಕುಟುಂಬಕ್ಕೆ ಒಂದು ಅದೃಷ್ಟ ಇತ್ತು. ನಿವೃತ್ತರಾದ ಒಬ್ಬ ಪಾಸ್ಟರ್ ಮತ್ತು ಅವರ ಹೆಂಡತಿ, ನಾವೆಲ್ಲ ಪಾಸ್ಟರಮ್ಮ ಅನ್ನುತ್ತೇವೆ, ಅವರಿಬ್ಬರು ಇದನ್ನು ಕೈಗೆ ತೆಗೆದುಕೊಂಡರು. ಅವರು ಮಾಡಿದ ಮೊದಲ ಕೆಲಸ, ಇಬ್ಬರನ್ನೂ ಒಟ್ಟಿಗೆ ಕೂರಿಸದೇ ಇದ್ದದ್ದು. ಪಾಸ್ಟರ್ ಗ್ಯಾರೇಜಿಗೆ ಹೋಗುತ್ತಿದ್ದರು, ತಮ್ಮ ಹಳೇ ಸ್ಕೂಟರ್ ನೆಪ. ಅವನು ಕೆಲಸ ಮಾಡುತ್ತಿದ್ದರೆ ಇವರು ಸ್ಟೂಲಿನ ಮೇಲೆ ಕೂತು ಪೇಪರ್ ಓದುವುದು. ಪಾಸ್ಟರಮ್ಮ ಅವಳ ತವರಿಗೆ ಹೋಗಿ ಬರುತ್ತಿದ್ದರು. ವಾಪಸ್ ಹೋಗು ಅಂತ ಒಂದು ದಿನವೂ ಹೇಳಲಿಲ್ಲವಂತೆ. ಅವಳೇ ನನಗೆ ಹೇಳಿದ್ದು: "ಅಕ್ಕಾ, ಎಲ್ಲರೂ ನನಗೆ ಬೈಬಲ್ ವಾಕ್ಯ ಹೇಳಿದರು. ಇವರೊಬ್ಬರು ಮಾತ್ರ ಊಟ ಆಯ್ತಾ ಅಂತ ಕೇಳಿದರು."

ಪಾಸ್ಟರ್ ಅವನನ್ನು ಕುಡಿತ ಬಿಡುವವರ ಗುಂಪಿಗೆ ಕಳಿಸಿದರು, ಆಲ್ಕೊಹಾಲಿಕ್ಸ್ ಅನಾನಿಮಸ್. ಇದು ಸಭೆಯ ಕಾರ್ಯಕ್ರಮ ಅಲ್ಲ, ಯಾವ ಧರ್ಮದವರೂ ಹೋಗಬಹುದು. ಆದರೆ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಅದನ್ನು ಶುರುಮಾಡಿದ ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಕೂಟಗಳಿಗೆ ಹೋಗುತ್ತಿದ್ದವರು. ಅದರ ಹನ್ನೆರಡು ಹೆಜ್ಜೆಗಳನ್ನು ಓದಿದರೆ ಆ ಬೇರು ಕಾಣುತ್ತದೆ. ತಪ್ಪನ್ನು ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳಬೇಕು. ನೋಯಿಸಿದವರ ಪಟ್ಟಿ ಮಾಡಬೇಕು. ಆಮೇಲೆ ಸಾಧ್ಯವಾದ ಕಡೆಯೆಲ್ಲ ಹೋಗಿ ಸರಿಮಾಡಬೇಕು. ಅದರಲ್ಲಿ ಒಂದು ಷರತ್ತೂ ಇದೆ, ನನಗೆ ತುಂಬಾ ಹಿಡಿಸಿದ್ದು ಅದೇ. ಹಾಗೆ ಹೋಗುವುದರಿಂದ ಅವರಿಗೇ ಹಾನಿ ಆಗುವಂತಿದ್ದರೆ ಹೋಗಬಾರದು. ಎಷ್ಟೋ ಸಲ ನಾವು ಕ್ಷಮೆ ಕೇಳುವುದು ನಮ್ಮ ಎದೆ ಹಗುರ ಮಾಡಿಕೊಳ್ಳೋಕೆ, ಅಲ್ವಾ? ಕೇಳಿಸಿಕೊಂಡವರ ಎದೆ ಭಾರ ಆದರೆ ನಮಗೇನು.

ಅವನ ಪಟ್ಟಿಯಲ್ಲಿ ಮೊದಲ ಹೆಸರು ಹೆಂಡತಿಯದಲ್ಲ, ಅತ್ತೆಯದು. ಬಳೆ ಅವರದ್ದಲ್ಲವೇ. ಅತ್ತೆಯ ಮುಂದೆ ಹೋಗಿ ನಿಲ್ಲೋಕೆ ಅವನಿಗೆ ತಿಂಗಳುಗಟ್ಟಲೆ ಬೇಕಾಯಿತು. ಹೋದ ದಿನ ಆಕೆ ಬಾಗಿಲು ತೆಗೆದು, ಒಳಗೆ ಬಾ ಅನ್ನಲಿಲ್ಲವಂತೆ. ನಿಂತುಕೊಂಡೇ ಹೇಳಿ ಬಂದ. ಮುಂದಿನ ತಿಂಗಳು ಸರ ಬಿಡಿಸಿದ. ರಸೀದಿ ಸಮೇತ ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ಓಲೆ. ಬಳೆ ಕೊನೆಯಲ್ಲಿ, ಅದರ ತೂಕ ಜಾಸ್ತಿ. ಒಂದೊಂದಕ್ಕೂ ಒಂದೊಂದು ರಸೀದಿ.

ಲೂಕ 19ರಲ್ಲಿ ಜಕ್ಕಾಯ ಇದ್ದಾನಲ್ಲ, ಸುಂಕ ವಸೂಲಿ ಮಾಡುತ್ತಿದ್ದವನು. ಯೇಸು ಅವನ ಮನೆಗೆ ಬಂದಾಗ ಅವನು ಅಳುತ್ತಾ ಕೂರಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಪಶ್ಚಾತ್ತಾಪ ಅಂದರೆ ನಮ್ಮ ಉಜ್ಜೀವನ ಕೂಟಗಳಲ್ಲಿ ಕಣ್ಣೀರು. ಬೈಬಲಿನಲ್ಲಿ ನೋಡಿದರೆ ಕಣ್ಣೀರಿನ ಜೊತೆ ರಸೀದಿಯೂ ಇದೆ. ಕುಡಿತ, ಜೂಜು, ಆನ್‌ಲೈನ್ ರಮ್ಮಿ, ಹೇಳದೆ ಮಾಡಿದ ಸಾಲ, ಈ ಥರದ ಕಾರಣದಿಂದ ಒಡೆದ ಮನೆಗಳಲ್ಲಿ ನಾನು ಕಂಡ ಹಾಗೆ ಹೆಂಡತಿಗೆ ಮೊದಲು ಬೇಕಾಗಿರುವುದು ಪ್ರೀತಿಯ ಮಾತಲ್ಲ. ಎಷ್ಟು ಸಾಲ ಇದೆ, ಯಾರ ಹತ್ತಿರ, ಬಡ್ಡಿ ಎಷ್ಟು, ಇನ್ನೇನಾದರೂ ಮುಚ್ಚಿಟ್ಟಿದ್ದೀಯಾ, ಇಷ್ಟು ಗೊತ್ತಾಗಬೇಕು. ಅದು ಗೊತ್ತಾದ ಮೇಲೆ ಪ್ರೀತಿ ನೋಡೋಣ.

ಅವಳು ವಾಪಸ್ ಬಂದಳು. ಷರತ್ತು ಹಾಕಿ ಬಂದಳು. ಗ್ಯಾರೇಜಿನ ಲೆಕ್ಕ ಅವಳ ಕೈಗೆ, ಮೀಟಿಂಗ್ ತಪ್ಪಿಸುವ ಹಾಗಿಲ್ಲ, ಒಡವೆ ತವರಿನಲ್ಲೇ ಇರುತ್ತದೆ. ಸಭೆಯಲ್ಲಿ ಕೆಲವರು ಇದನ್ನು ಕೇಳಿ, ಕ್ಷಮಿಸಿದ ಮೇಲೆ ಷರತ್ತು ಯಾಕೆ, ಕರ್ತನು ನಮ್ಮನ್ನು ಷರತ್ತಿಲ್ಲದೆ ಕ್ಷಮಿಸಲಿಲ್ಲವೇ ಅಂದರು. ಅವಳ ಉತ್ತರ ನೇರವಾಗಿತ್ತು: "ಕ್ಷಮಿಸಿದೀನಿ. ನಂಬೋಕೆ ಟೈಮ್ ಬೇಕು. ಎರಡೂ ಒಂದೇ ಅಲ್ಲ." ಎಷ್ಟೋ ಪ್ರಸಂಗಗಳಲ್ಲಿ ಸಿಗದ ಸ್ಪಷ್ಟತೆ ಇದರಲ್ಲಿದೆ.

ಈಗ ಸ್ವಲ್ಪ ಆರಾಧನೆಯ ವಿಷಯಕ್ಕೆ ಬರುತ್ತೇನೆ. ನಾವು ಸಿಎಸ್‌ಐನವರು. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಈ ಸಿಎಸ್‌ಐ, ಆಯಿತು. 1950ರಲ್ಲಿ ಹೊಸ ಸಭೆಗೆ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ, ಆರಾಧನಾ ಕ್ರಮ ಸಿದ್ಧವಾಯಿತು. ಅದರಲ್ಲಿ ಒಂದು ಹಳೆಯ ಪದ್ಧತಿಯನ್ನು ಮತ್ತೆ ತಂದರು. ಕಾಣಿಕೆ ಎತ್ತುವ ಮುಂಚೆ ಸಮಾಧಾನ ಕೊಡುವುದು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದು ಮೊದಲಿನಿಂದಲೂ ಇತ್ತು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಇಟ್ಟು, ಇಬ್ಬರೂ ಎಡಗೈಯಿಂದ ಮುಚ್ಚುತ್ತಾರೆ. ಹಾಗೆ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಆಮೇಲೆ ಲೋಕದ ಬೇರೆ ಬೇರೆ ಸಭೆಗಳ ಆರಾಧನಾ ಕ್ರಮಕ್ಕೂ ಸಮಾಧಾನ ಕೊಡುವುದು ಬಂತು. ನಮ್ಮ ದಕ್ಷಿಣ ಭಾರತದ ಕ್ರಮ ಅದಕ್ಕೊಂದು ಮಾದರಿ ಆಗಿತ್ತು ಅನ್ನುವುದು ನನಗೆ ಹೆಮ್ಮೆ.

ಕಾಣಿಕೆಗಿಂತ ಮುಂಚೆ ಯಾಕೆ? ಮತ್ತಾಯ 5ರಲ್ಲಿ ಯೇಸು ಹೇಳಿದ್ದಾರೆ. ಕಾಣಿಕೆ ತಂದಾಗ ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ! ಹೆಂಡತಿ ಯಾಕೆ ಮುಖ ಊದಿಸಿಕೊಂಡಿದ್ದಾಳೋ ನನಗೆ ಗೊತ್ತಿಲ್ಲಪ್ಪ, ಅವಳೇ ಹೇಳಲಿ, ಅನ್ನುವ ಗಂಡಂದಿರಿಗೆ ಈ ವಚನದಲ್ಲಿ ಜಾಗ ಇಲ್ಲ.

ಒಂದು ತಮಾಷೆ ಏನೆಂದರೆ ನಮ್ಮ ಸಭೆಯಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವುದು. ಹಾಗಾಗಿ ಯಾರಿಗೆ ಸಮಾಧಾನ ಕೊಡಬೇಕೋ ಆ ಮನುಷ್ಯ ನಡುವಿನ ದಾರಿಯ ಆಚೆ ಇರುತ್ತಾನೆ. ನಾನು ಪಕ್ಕದ ಆಂಟಿಗೆ ಕೈ ಕೊಡುತ್ತೇನೆ. ಆಂಟಿ ಜೊತೆ ನನಗೆ ಯಾವ ಜಗಳವೂ ಇಲ್ಲ. ಆದರೂ ಅದು ಕೆಲಸ ಮಾಡುತ್ತದೆ. ಮನೆಯಲ್ಲಿ ಮಾತು ಬಿಟ್ಟು ನಾಲ್ಕು ದಿನ ಆಗಿರುವಾಗ, ಆಂಟಿಯ ಕೈಯಲ್ಲಿ ಕೈ ಇಟ್ಟು ಸಮಾಧಾನ ಅಂದರೆ ನಾಚಿಕೆ ಆಗುತ್ತದೆ. ಸ್ಕೂಟರಿನ ಹಿಂದೆ ಕೂತು ವಾಪಸ್ ಬರುವಾಗ, ಬೇಡ ಬೇಡ ಅಂದರೂ, "ರೀ, ಮಧ್ಯಾಹ್ನಕ್ಕೆ ಏನ್ ಮಾಡ್ಲಿ?" ಅಂತ ಬಾಯಿ ತೆರೆದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ರಾಜಿ ಶುರುವಾಗುವುದೇ ಊಟದ ಪ್ರಶ್ನೆಯಿಂದ. ಕ್ಷಮಿಸಿ ಅನ್ನುವ ಪದ ಬಾಯಿಗೆ ಬರುವುದಿಲ್ಲ, ಸಿನಿಮಾ ಡೈಲಾಗ್ ಹೇಳಿದ ಹಾಗೆ ಆಗುತ್ತದೆ. ಪೋಪ್ ಫ್ರಾನ್ಸಿಸ್ ಅವರು ಕುಟುಂಬಗಳಿಗೆ ಪದೇಪದೇ ಹೇಳುತ್ತಿದ್ದದ್ದು ಮೂರೇ ಮಾತು: ಅನುಮತಿ ಕೇಳಿ, ಥ್ಯಾಂಕ್ಸ್ ಹೇಳಿ, ಸಾರಿ ಹೇಳಿ. 2016ರ ಅವರ ಅಮೋರಿಸ್ ಲೆತೀತಿಯಾ ಪತ್ರದಲ್ಲೂ ಇದು ಬರುತ್ತದೆ. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಮಾತು ಹೇಳಬೇಕಾ ಅಂತ ಮೊದಲು ಅನ್ನಿಸಿತ್ತು. ನಾವು ಆ ಮೂರನ್ನೂ ಅಂಗಡಿಯವನಿಗೆ ಹೇಳುತ್ತೇವೆ, ಆಟೋದವನಿಗೆ ಹೇಳುತ್ತೇವೆ, ಮನೆಯವರಿಗೆ ಬಿಟ್ಟು.

ಕಥೋಲಿಕರಲ್ಲಿ ಇನ್ನೊಂದು ಒಳ್ಳೆಯದಿದೆ, ಮ್ಯಾರೇಜ್ ಎನ್‌ಕೌಂಟರ್. ಸ್ಪೇನಿನ ಗೇಬ್ರಿಯಲ್ ಕಾಲ್ವೋ ಎಂಬ ಪಾದ್ರಿ ಶುರುಮಾಡಿದ್ದು, ಮೊದಲ ಕೂಟ 1962ರಲ್ಲಿ ಬಾರ್ಸಿಲೋನಾದಲ್ಲಿ. ನಮ್ಮ ದೇಶದಲ್ಲೂ ಇದೆ. ಶನಿವಾರ ಭಾನುವಾರ ದಂಪತಿಗಳನ್ನು ಒಂದು ಕಡೆ ಇರಿಸಿಕೊಳ್ಳುತ್ತಾರೆ. ನಮ್ಮ ಹಿರಿಯರ ಪಂಚಾಯ್ತಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅಲ್ಲಿ ಯಾರೂ ತಮ್ಮ ಮನೆ ವಿಷಯ ಎಲ್ಲರ ಮುಂದೆ ಹೇಳಬೇಕಾಗಿಲ್ಲ. ನಡೆಸಿಕೊಡುವ ದಂಪತಿಗಳು ತಮ್ಮ ಕಥೆ ಹೇಳುತ್ತಾರೆ. ಆಮೇಲೆ ಗಂಡ ಹೆಂಡತಿ ಬೇರೆ ಬೇರೆ ಕೂತು ಒಬ್ಬರಿಗೊಬ್ಬರು ಪತ್ರ ಬರೆಯುತ್ತಾರೆ, ಬದಲಾಯಿಸಿಕೊಂಡು ಓದುತ್ತಾರೆ, ಕೋಣೆಯಲ್ಲಿ ಇಬ್ಬರೇ ಮಾತಾಡುತ್ತಾರೆ. ಬರೆಯುವುದರಲ್ಲಿ ಒಂದು ಲಾಭ ಇದೆ. ನಡುವೆ ಬಾಯಿ ಹಾಕೋಕೆ ಆಗುವುದಿಲ್ಲ. ಮದುವೆ ನಿಜವಾಗಲೂ ಮುರಿಯುವ ಹಂತಕ್ಕೆ ಬಂದವರಿಗೆ ರೆತ್ರುವಾಯ್ ಎಂಬ ಇನ್ನೊಂದು ಕಾರ್ಯಕ್ರಮವಿದೆ. ಅದು ಕೆನಡಾದ ಕ್ವಿಬೆಕ್‌ನಲ್ಲಿ 1977ರಲ್ಲಿ ಶುರುವಾದದ್ದು. ಅದರಲ್ಲಿ ಎರಡು ದಿನದ ಕೂಟ ಆದ ಮೇಲೆ ಬಿಟ್ಟುಬಿಡುವುದಿಲ್ಲ, ಮುಂದೆಯೂ ಹಲವು ಸಲ ಕರೆದು ಕೂರಿಸುತ್ತಾರೆ. ಮತ್ತೆ ಅದೇ ನಡುವಿನ ಭಾಗ.

ಇಬ್ಬರೂ ಸೇರಿ ಪ್ರಾರ್ಥನೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿ ನೋಡಿದವರಿಗೆ ಗೊತ್ತು, ಅದು ಎಷ್ಟು ಕಷ್ಟ ಅಂತ. ಜಗಳ ಆದ ರಾತ್ರಿ ಕುಟುಂಬ ಪ್ರಾರ್ಥನೆ ಅಂದರೆ ಅದು ಜಗಳದ ಎರಡನೇ ಭಾಗ ಆಗುವ ಸಾಧ್ಯತೆ ಜಾಸ್ತಿ. "ಕರ್ತನೇ, ಈ ಮನೆಯಲ್ಲಿ ಕೆಲವರ ಕೋಪವನ್ನು ನೀನೇ ತೆಗೆದುಹಾಕು." "ಕರ್ತನೇ, ನಾಲಿಗೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಬುದ್ಧಿಯನ್ನು ನಿನ್ನ ದಾಸಿಗೆ ಕೊಡು." ಕಣ್ಣು ಮುಚ್ಚಿಕೊಂಡು ಚುಚ್ಚುವುದು! ದೇವರನ್ನು ಮಧ್ಯೆ ನಿಲ್ಲಿಸಿ ಒಬ್ಬರಿಗೊಬ್ಬರು ಕಲ್ಲು ಹೊಡೆಯುವುದು. ಪಾಸ್ಟರಮ್ಮ ಇದಕ್ಕೆ ಒಂದು ನಿಯಮ ಹೇಳಿಕೊಟ್ಟಿದ್ದಾರೆ, ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತದೆ. ಗಟ್ಟಿಯಾಗಿ ಪ್ರಾರ್ಥಿಸುವಾಗ ನಿನ್ನ ತಪ್ಪನ್ನು ಮಾತ್ರ ಹೇಳು. ಅವರ ಬಗ್ಗೆ ಹೇಳುವುದಾದರೆ ಸ್ತೋತ್ರ ಮಾತ್ರ, ಬೇಡಿಕೆ ಬೇಡ. ದೂರು ಇದ್ದರೆ ಪ್ರಾರ್ಥನೆ ಮುಗಿದ ಮೇಲೆ ಕಣ್ಣು ಬಿಟ್ಟುಕೊಂಡು ಹೇಳು. ಏನೂ ಹೇಳೋಕೆ ಆಗದ ದಿನ ಕರ್ತನ ಪ್ರಾರ್ಥನೆ ಒಂದನ್ನೇ ಹೇಳಿ ಎದ್ದೇಳಿ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಅನ್ನುವ ಸಾಲು ಬಂದಾಗ ಇಬ್ಬರ ದನಿಯೂ ಸ್ವಲ್ಪ ತಗ್ಗುತ್ತದೆ. ಅಷ್ಟು ಸಾಕು ಆ ದಿನಕ್ಕೆ.

ಸೂರ್ಯ ಮುಳುಗುವುದರೊಳಗೆ ಸಿಟ್ಟು ತೀರಲಿ ಅಂತ ಬೈಬಲಿನಲ್ಲಿ ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಒಳ್ಳೆ ಮಾತು. ಆದರೆ ನಮ್ಮ ಜಗಳಗಳು ಶುರುವಾಗುವುದೇ ರಾತ್ರಿ ಹತ್ತೂವರೆಗೆ, ಮಕ್ಕಳು ಮಲಗಿದ ಮೇಲೆ. ಆಗ ಇತ್ಯರ್ಥ ಮಾಡಿಯೇ ಮಲಗುತ್ತೇವೆ ಅಂತ ಹೊರಟರೆ ಎರಡು ಗಂಟೆಯ ಹೊತ್ತಿಗೆ ಮದುವೆಯ ದಿನದ ಊಟದ ವಿಷಯದ ತನಕ ಹೋಗುತ್ತದೆ. ಮಲಗಿ. ಬೆಳಿಗ್ಗೆ ಮಾತಾಡಿ. ಪೌಲ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಳ್ಳುತ್ತೇನೆ.

ಅದೇ ಪತ್ರದ 5ನೇ ಅಧ್ಯಾಯದ ವಿಷಯ ಹೇಳದಿದ್ದರೆ ಆಗುವುದಿಲ್ಲ. ಹೆಂಡತಿಯರೇ, ಗಂಡನಿಗೆ ಅಧೀನರಾಗಿರಿ. 22ನೇ ವಚನ. ಬೈಬಲನ್ನು ಮುಟ್ಟದ ಗಂಡಂದಿರಿಗೂ ಈ ವಚನ ಬಾಯಿಪಾಠ. ಅದರ ಹಿಂದಿನ ವಚನ, 21, ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಅನ್ನುತ್ತದೆ. ಅದು ಯಾರಿಗೂ ನೆನಪಿರುವುದಿಲ್ಲ. ಇನ್ನು ಲೆಕ್ಕ ಹಾಕಿ. ಹೆಂಡತಿಗೆ ಹೇಳಿದ್ದು ಮೂರು ವಚನ. 25ರಿಂದ ಅಧ್ಯಾಯ ಮುಗಿಯುವ ತನಕ ಮಾತು ಬಹುಮಟ್ಟಿಗೆ ಗಂಡನ ಕಡೆಗೆ. ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ನೀನು ಹೆಂಡತಿಯನ್ನು ಪ್ರೀತಿಸು. ಪ್ರಾಣ ಕೊಡುವುದು ಇರಲಿ, ಫೋನ್ ಕೆಳಗಿಟ್ಟು ಹತ್ತು ನಿಮಿಷ ಕೊಟ್ಟರೆ ಸಾಕು ಅನ್ನುತ್ತಾಳೆ ನನ್ನ ಗೆಳತಿ. ಪೇತ್ರನ ಮೊದಲ ಪತ್ರ 3:7 ಇನ್ನೂ ಖಡಕ್ಕಾಗಿದೆ. ಹೆಂಡತಿಗೆ ಮರ್ಯಾದೆ ಕೊಟ್ಟು ಬಾಳಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ. ಕನ್ವೆನ್ಷನ್ನಿನಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸಿ ಮನೆಗೆ ಬಂದು ಹೆಂಡತಿಗೆ ಲೇ ಎಂದು ಗದರುವವರು ಇದನ್ನು ಓದಿದ್ದಾರಾ?

ಬೈಬಲಿನ ಪ್ರವಾದಿ ಹೋಶೇಯನ ಕಥೆಯೂ ಹಾಗೇ. ಬಿಟ್ಟುಹೋದ ಹೆಂಡತಿ ಗೋಮೆರಳನ್ನು ಪ್ರವಾದಿ ಮತ್ತೆ ಪ್ರೀತಿಸಿದ. 3ನೇ ಅಧ್ಯಾಯದಲ್ಲಿ 15 ಬೆಳ್ಳಿ ನಾಣ್ಯ ಮತ್ತು ಒಂದಷ್ಟು ಜವೆಗೋದಿ ಕೊಟ್ಟು ಬಿಡಿಸಿಕೊಂಡು ಬಂದ. ಇದನ್ನು ಎತ್ತಿಕೊಂಡು ಹೆಂಗಸರಿಗೆ ತಾಳ್ಮೆಯ ಪಾಠ ಹೇಳುವುದನ್ನು ಕೇಳಿದ್ದೇನೆ. ಸ್ವಾಮಿ, ಆ ಕಥೆಯಲ್ಲಿ ತಾಳ್ಮೆ ತೋರಿಸಿದ್ದು ಗಂಡ! ಖರ್ಚು ಮಾಡಿದ್ದೂ ಗಂಡ!

ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಗಳು ಮುರಿಯುತ್ತಿರಲಿಲ್ಲ, ವಿಶ್ವಾಸ ಗಟ್ಟಿ ಇತ್ತು, ಅಂತ ಒಂದು ಮಾತು ಯಾವಾಗಲೂ ಬರುತ್ತದೆ. ಅರ್ಧ ನಿಜ ಇರಬಹುದು. ಇನ್ನರ್ಧ ಕಾನೂನು. ನಮ್ಮ ದೇಶದ ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇತ್ತು. ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಗೆ ಅದು ಸಾಲುತ್ತಿರಲಿಲ್ಲ, ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ, ಇನ್ನೇನನ್ನೋ ಸೇರಿಸಿ ತೋರಿಸಬೇಕಿತ್ತು. ಬರೀ ಹೊಡೆತಕ್ಕೆ ವಿಚ್ಛೇದನ ಇರಲಿಲ್ಲ. ಇದು ಬದಲಾದದ್ದು 2001ರಲ್ಲಿ. ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ದಾರಿಯೂ ಆಗಲೇ ಬಂತು, ಅದೂ ಎರಡು ವರ್ಷ ಬೇರೆ ಇದ್ದ ಮೇಲೆ ಅಂತ ಬರೆದರು, ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದೇ ವರ್ಷ ಇರುವಾಗ. 2010ರಲ್ಲಿ ಕೇರಳ ಹೈಕೋರ್ಟು ಅದನ್ನು ಒಂದು ವರ್ಷ ಎಂದೇ ಓದಬೇಕು ಅಂದಿತು. ಅಜ್ಜಿ ಉಳಿದದ್ದು ವಿಶ್ವಾಸದಿಂದಲೋ, ಬೇರೆ ದಾರಿ ಇಲ್ಲದ್ದರಿಂದಲೋ, ಅಜ್ಜಿಯನ್ನು ಯಾರೂ ಕೇಳಲಿಲ್ಲ. ಬಾಗಿಲು ತೆರೆದಿದ್ದೂ ಒಳಗೆ ಉಳಿಯುವ ಮದುವೆಯನ್ನು ಮಾತ್ರ ನಾನು ವಿಶ್ವಾಸದ ಮದುವೆ ಅನ್ನುತ್ತೇನೆ.

ಹೊಡೆತ ಇರುವ ಮನೆಗೆ ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಬೇಕು, ಪ್ರಾರ್ಥನೆ ಅಲ್ಲಿ ಕೂತು ಮಾಡಬಹುದು. ಪೌಲನೇ 1 ಕೊರಿಂಥ 7ರಲ್ಲಿ, ಬಿಟ್ಟು ಹೋಗಬಾರದು ಎಂದ ಮರುಕ್ಷಣವೇ, ಹೋದರೆ ಹೇಗಿರಬೇಕು ಅಂತಲೂ ಹೇಳುತ್ತಾನೆ. ಹೋಗಬೇಕಾಗುವ ದಿನ ಬರುತ್ತದೆ ಅಂತ ಅವನಿಗೂ ಗೊತ್ತಿತ್ತು. ವಿಚ್ಛೇದನವನ್ನೇ ಒಪ್ಪದ ಕಥೋಲಿಕ ಸಭೆಯ ಕಾನೂನಿನಲ್ಲೂ, 1153ನೇ ವಿಧಿ, ದೇಹಕ್ಕೋ ಮನಸ್ಸಿಗೋ ದೊಡ್ಡ ಅಪಾಯ ಇದ್ದರೆ ಬೇರೆ ಇರಬಹುದು ಅನ್ನುತ್ತದೆ. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಇದೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಈ ಎರಡು ನಂಬರನ್ನು ಸಭೆಯ ನೋಟಿಸ್ ಬೋರ್ಡಿನಲ್ಲಿ, ಬೇಕಾದರೆ ಹೆಂಗಸರ ಶೌಚಾಲಯದ ಬಾಗಿಲ ಹಿಂದೆ, ಅಂಟಿಸಿದರೆ ಯಾರ ವಿಶ್ವಾಸಕ್ಕೂ ಕುಂದು ಬರುವುದಿಲ್ಲ. ಹೊಡೆದವನ ಪಕ್ಕ ಕೂರಿಸಿ ಇಬ್ಬರ ಕೈ ಸೇರಿಸಿ ಪ್ರಾರ್ಥಿಸುವ ಪಾಸ್ಟರುಗಳೇ, ದಯವಿಟ್ಟು ಬೇಡ. ಅವಳು ಆಮೇಲೆ ಅದೇ ಮನೆಗೆ ಹೋಗಬೇಕು.

ಗ್ಯಾರೇಜಿನವನ ವಿಷಯಕ್ಕೆ ಬಂದರೆ, ಅವನು ಇನ್ನೂ ಮೀಟಿಂಗಿಗೆ ಹೋಗುತ್ತಾನೆ. ಒಂದು ಸಲ ಜಾರಿದ, ಅದನ್ನು ಅವನೇ ಬಂದು ಹೆಂಡತಿಗೆ ಹೇಳಿದ. ಮೊದಲಾಗಿದ್ದರೆ ಅವಳಿಗೆ ವಾಸನೆಯಿಂದ ಗೊತ್ತಾಗಬೇಕಿತ್ತು. ಅವಳ ಮಟ್ಟಿಗೆ ಬಿಡುಗಡೆಯ ದಿನ ಅದೇ ಅಂತೆ, ಕುಡಿತ ಬಿಟ್ಟ ದಿನ ಅಲ್ಲ, ಸುಳ್ಳು ಬಿಟ್ಟ ದಿನ. ಸಭೆಯಲ್ಲಿ ಸಾಕ್ಷಿ ಹೇಳಿ ಅಂತ ಇಬ್ಬರನ್ನೂ ಕೇಳಿದ್ದರು. ಆಗಲ್ಲ ಅಂದರು. ಇನ್ನೂ ಮುಗಿದಿಲ್ಲ ಅಂತ ಅವನು, ಐದು ನಿಮಿಷ ಸಾಲಲ್ಲ ಅಂತ ಅವಳು.

ಕೊನೆಗೆ ನಮ್ಮ ಸಭಾಪಾಲಕರಿಗೂ ಕಮಿಟಿಯವರಿಗೂ ಒಂದು ಮನವಿ, ಇಲ್ಲಿ ಬರೆದರೆ ಅವರು ಓದುತ್ತಾರೆ ಅಂತ ಗೊತ್ತು. ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತೀರಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಿ ಅಂತ ಇಡೀ ಸಭೆಯನ್ನು ಕೇಳುತ್ತೀರಿ. ಮದುವೆ ಆದ ಮೇಲೆ ಆ ಇಬ್ಬರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ, ವಿಶೇಷ ಏನಾದರೂ ಇದೆಯಾ ಅನ್ನುವುದೊಂದು ಬಿಟ್ಟು. ಒಂದು ವರ್ಷ ಆದ ಮೇಲೆ ಒಂದು ಸಂಜೆ ಕರೆಯಿರಿ. ಐದು ವರ್ಷಕ್ಕೆ ಇನ್ನೊಂದು ಸಲ. ಬೇರೆ ಬೇರೆ ಕೂರಿಸಿ, ಹೇಗಿದ್ದೀರಿ ಅಂತ ಕೇಳಿ, ಪ್ರಸಂಗ ಬೇಡ. ಟೀ ಬಿಸ್ಕತ್ತಿನ ಖರ್ಚು ನಮ್ಮ ಸ್ತ್ರೀಯರ ಕೂಟದ ಲೆಕ್ಕಕ್ಕೆ ಹಾಕಿ, ಖಜಾಂಚಿ ನಾನೇ, ತಕರಾರು ಮಾಡುವುದಿಲ್ಲ.